ನಲವತ್ತಕ್ಕೆ ಹದಿನಾಲ್ಕು

ಜೂನ್ ತಿಂಗಳ ಎರಡನೆಯ ಶುಕ್ರವಾರ ಮಧ್ಯಾಹ್ನ, ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ, ಶರೀಫ ತನ್ನ ಹೆಂಡತಿ ಅಮೀರುನ್ನೀಸಾಳ ಎಡಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಕಬ್ಬಿಣದ ಬಾಗಿಲು ಹಾಕಿದ. ಎರಡು ಬೆರಳು ಮುರಿದವು. ಏಳು ವರ್ಷದ ಮಗಳು ಅಂಜುಮ ಒಳಗೆ ಕೂತು ಅನ್ನ ಉಣ್ಣುತ್ತಿದ್ದಳು.

ಆ ಬಾಗಿಲು ಅವನೇ ಮಾಡಿದ್ದು. ಗ್ರಿಲ್ಲು, ಗೇಟು ವೆಲ್ಡಿಂಗ್ ಮಾಡುವ ಕೆಲಸ ಅವನದು. ಕೈಗೆಲಸ ಗಟ್ಟಿ ಎಂದು ಓಣಿಯಲ್ಲೆಲ್ಲ ಹೆಸರು. ಸರಕಾರಿ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ಗಾಳಿಗೆ ಬಾಗಿಲು ಬಡಿಯಿತೆಂದು ಅವನೇ ಹೇಳಿದ. ಬರುವಾಗ ದಾರಿಯಲ್ಲಿ ಅವಳಿಗೆ ಎಳನೀರು ಕುಡಿಸಿದವನೂ ಅವನೇ.

ನಾಲ್ಕನೆಯ ದಿನ ಅವನು ಕೆಲಸಕ್ಕೆ ಹೋದ ಮೇಲೆ ಅಮೀರುನ್ನೀಸಾ ಮಗಳ ಕೈ ಹಿಡಿದು ಹೊರಬಿದ್ದಳು. ಮದುವೆಯಾಗಿ ಶಹಾಪುರದಿಂದ ಮುಂಬಯಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಒಬ್ಬಳೇ ಒಮ್ಮೆಯೂ ಲೋಕಲ್ ಹತ್ತಿದವಳಲ್ಲ. ಆದರೆ ಹಿಂದೊಮ್ಮೆ ನಾದಿನಿಯ ಜೊತೆ ಮದುವೆಗೆ ಹೋಗುವಾಗ ಲೇಡೀಸ್ ಡಬ್ಬಿಯ ಬಾಗಿಲ ಬಳಿ ಒಂದು ಸ್ಟಿಕರ್ ನೋಡಿದ್ದಳು. ಮುಖ ಮುಚ್ಚಿಕೊಂಡ ಹೆಂಗಸಿನ ಚಿತ್ರ, ಕೆಳಗೆ ಅವಳಿಗೆ ಓದಲು ಬಾರದ ಮರಾಠಿ, ಅದರ ಕೆಳಗೆ ಹತ್ತು ಅಂಕೆಯ ಫೋನ್ ನಂಬರು. ಅಂಕೆ ಓದಲು ಬರುತ್ತಿತ್ತು. ಬರೆದಿಟ್ಟರೆ ಅವನ ಕೈಗೆ ಸಿಕ್ಕೀತು. ಹಾಗಾಗಿ ಬಾಯಲ್ಲೇ ಇಟ್ಟುಕೊಂಡಳು. ಪಾತ್ರೆ ತಿಕ್ಕುವಾಗ ಒಮ್ಮೆ, ನೀರು ತುಂಬುವಾಗ ಒಮ್ಮೆ ಆ ಹತ್ತು ಅಂಕೆಗಳನ್ನು ಮಗುಚಿ ಹಾಕುತ್ತ ಒಂದು ವರ್ಷ ನಾಲ್ಕು ತಿಂಗಳು ಕಾಪಾಡಿದಳು. ಮಗಳಿಗೂ ಆಟದ ಹಾಡಿನ ಹಾಗೆ ಕಲಿಸಿಟ್ಟಳು, ತನ್ನ ಬಾಯಿ ಮುಚ್ಚಿಹೋದರೆ ಅವಳ ಬಾಯಲ್ಲಾದರೂ ಉಳಿಯಲಿ ಎಂದು.

ಸ್ಟೇಷನ್ನಿನ ಹೂವಿನವಳ ಮೊಬೈಲಿನಲ್ಲಿ ಆ ನಂಬರು ಒತ್ತಿದಳು. ಆ ಕಡೆಯಿಂದ ಹೇಳಿದಂತೆ ಹಾರ್ಬರ್ ಲೈನಿನ ಗಾಡಿ ಹಿಡಿದು, ವಡಾಲಾದಲ್ಲಿ ಬದಲಿಸಿ, ಬಾಂದ್ರಾದಲ್ಲಿ ಇಳಿದಳು. ಹೊಡೆತ ತಿಂದು ಮನೆ ಬಿಟ್ಟ ಹೆಂಗಸರಿಗೆ ಆಸರೆ ಕೊಡುವ ಆ ಸಂಸ್ಥೆಯ ಆಫೀಸು ಬಾಂದ್ರಾದಲ್ಲಿತ್ತು. ಹೆಂಗಸರನ್ನು ಇರಿಸಿಕೊಳ್ಳುವ ಮನೆ ಇದ್ದದ್ದು ದೂರ, ಕಾಂದಿವಲಿಯಲ್ಲಿ. ಸಂಜೆಯ ಹೊತ್ತಿಗೆ ತಾಯಿ ಮಗಳನ್ನು ಅಲ್ಲಿಗೆ ಮುಟ್ಟಿಸಿದರು.

ಮನೆ ಎಂದರೆ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಬದಿಯ ಒಂದು ಬಿಲ್ಡಿಂಗು. ಎರಡನೆಯ ಮಾಳಿಗೆಯಲ್ಲಿ ಉದ್ದನೆಯ ಹಾಲು, ಅದರಲ್ಲಿ ಹನ್ನೆರಡು ಮಂಚ. ಕೆಳಗಿನ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತುವ ಯಂತ್ರ ದಿನವಿಡೀ ಕುಟ್ಟುತ್ತಿತ್ತು. ಮಂಚದ ಕಾಲು ನಡುಗುತ್ತಿತ್ತು. ಅಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ, ಅದು ನಿಜ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಅದೂ ನಿಜ. ಆದರೆ ಮಾತಿರಲಿಲ್ಲ. ಮರಾಠಿಯವರು ಕಿಟಕಿಯ ಕಡೆ ಸೇರುತ್ತಿದ್ದರು, ಬಿಹಾರದ ಕಡೆಯವರು ಅಡುಗೆಮನೆಯ ಬಾಗಿಲಲ್ಲಿ. ಅಮೀರುನ್ನೀಸಾಳ ದಖ್ನಿ ಉರ್ದು ಕೇಳಿ ಅವರು ನಗುತ್ತಿದ್ದರು. ಕೆಟ್ಟ ನಗೆಯೇನಲ್ಲ, ಆದರೂ ನಗೆ. ಅವಳು ಬಾಯಿ ಕಟ್ಟಿಕೊಂಡಳು. ಅಂಜುಮಳನ್ನು ಮುನಿಸಿಪಾಲಿಟಿಯ ಹಿಂದಿ ಶಾಲೆಗೆ ಸೇರಿಸಿದ ಮೇಲಂತೂ ಆ ಮಗುವೂ ಕನ್ನಡದ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಕೊಡತೊಡಗಿತು. ಮಗಳು ಶಾಲೆಗೆ ಹೋದ ಮೇಲೆ ಅಮೀರುನ್ನೀಸಾ ಕನ್ನಡ ಮಾತಾಡುತ್ತಿದ್ದದ್ದು ಪಾತ್ರೆಗಳ ಜೊತೆ. "ಏಳವಾ, ನಿನ್ನ ಸರದಿ ಬಂತು" ಎಂದು ತವೆಗೆ ಹೇಳಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂತಿರುಗಿ ನೋಡುತ್ತಿದ್ದಳು.

ಭಾನುವಾರ ಹತ್ತು ನಿಮಿಷ ಫೋನ್ ಸಿಗುತ್ತಿತ್ತು. ಶಹಾಪುರದಲ್ಲಿ ತಾಯಿ ಅಳುತ್ತಿದ್ದಳು: "ಶರೀಫ ಬಂದಿದ್ದ ಬೇಟಿ. ನನ್ನ ಕಾಲಿಗಿ ಬಿದ್ದ. ಎಲ್ಲಿ ಅದೀ ಹೇಳು." ಎಲ್ಲಿದ್ದೇನೆಂದು ಹೇಳಬಾರದು ಎನ್ನುವುದು ಮನೆಯ ನಿಯಮ. "ಅರಾಮ ಅದೀನಿ ಅಮ್ಮಾ" ಎನ್ನುತ್ತಿದ್ದಳು. ಆಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಇನ್ನೂ ಆರು ನಿಮಿಷ ಉಳಿದಿರುತ್ತಿತ್ತು.

ಮೂರನೆಯ ಮಾಳಿಗೆಯಲ್ಲಿ ನಾಲ್ಕು ಕೋಣೆಗಳಿದ್ದವು. ತಾಯಿ ಮಕ್ಕಳು ಬಾಗಿಲು ಹಾಕಿಕೊಂಡು ಒಂದು ವರ್ಷ ಇರಬಹುದಾದ ಕೋಣೆಗಳು. ಅವು ಎಲ್ಲರಿಗೂ ಸಿಗುವಂಥವಲ್ಲ. ಹಾಲಿನಲ್ಲಿ ಎರಡು ತಿಂಗಳು ಕಳೆದ ಮೇಲೆ ಪ್ರತಿಯೊಬ್ಬಳ ಆತ್ಮಸಾಮರ್ಥ್ಯ, ಅಂದರೆ ತನ್ನ ಕೈಯಲ್ಲಾಗುತ್ತದೆ ಎನ್ನುವ ನಂಬಿಕೆ, ಅಳೆಯುತ್ತಾರೆ. ಹತ್ತು ಮಾತು ಓದಿ ಹೇಳುತ್ತಾರೆ. ಒಂದೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಇಪ್ಪತ್ತೈದು ದಾಟಿದವರಿಗೆ ಮೇಲಿನ ಕೋಣೆ, ಎಸ್ಟೇಟಿನ ಗಾರ್ಮೆಂಟಿನಲ್ಲಿ ಕೆಲಸ. ದಾಟದವರು ಇನ್ನೂ ಆರು ತಿಂಗಳು ಹಾಲಿನಲ್ಲಿ. ಅಂಥವರ ಆರು ವರ್ಷ ಮೀರಿದ ಮಕ್ಕಳು ವಸಯಿಯ ಹಾಸ್ಟೆಲಿಗೆ. ತಿಂಗಳಿಗೊಂದು ಭಾನುವಾರ ಹೋಗಿ ನೋಡಬಹುದು. ತನ್ನನ್ನೇ ಸಂಭಾಳಿಸಲಾಗದ ತಾಯಿಯ ಮೇಲೆ ಮಗುವಿನ ಭಾರ ಹೊರಿಸಬಾರದು ಎನ್ನುವ ಕರುಣೆ ಅದರ ಹಿಂದಿತ್ತಂತೆ.

ಇದೆಲ್ಲ ಅಮೀರುನ್ನೀಸಾಳಿಗೆ ಗೊತ್ತಾದದ್ದು ಅಳೆದು ಮುಗಿದ ಮೇಲೆ.

ಅಳೆಯಲು ಬಂದವಳು ವಿನೋದಿನಿ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು. ಆಗಸ್ಟಿನ ಒಂದು ಬುಧವಾರ ಮಂಚದ ಎದುರು ಸ್ಟೂಲ್ ಎಳೆದುಕೊಂಡು ಕೂತಳು. "ನೀವು ಕನ್ನಡದವರಂತೆ ಅಲ್ವಾ? ನಮ್ದು ಉಡುಪಿ ಕಡೆ. ಹುಟ್ಟಿದ್ದು ಮಾತ್ರ ಇಲ್ಲೇ, ಮಾಟುಂಗದಲ್ಲಿ. ಅಪ್ಪ ಹೋಟೆಲಲ್ಲಿ ಕ್ಯಾಶಿಗೆ ಕೂರುದು."

ಆ ಕನ್ನಡ ಶಹಾಪುರದ ಕನ್ನಡವಲ್ಲ. ಆದರೆ ಬಾಯಾರಿದವಳು ಯಾವ ಬಾವಿಯ ನೀರೆಂದು ಕೇಳುತ್ತಾಳೆಯೇ? ಅಮೀರುನ್ನೀಸಾಳ ಕಣ್ಣು ತುಂಬಿತು. "ಚಾ ಕುಡೀತೀರೇನ್ರಿ ಅಕ್ಕಾರ? ಪಾಳಿ ನಂದೇ ಐತಿ, ಮಾಡಿ ತರ್ತೀನಿ."

"ಬೇಡ ಬೇಡ. ಇದೊಂದು ಮುಗಿಸುವ. ಇವತ್ತು ಎಂಟು ಜನ ಉಂಟು. ನಾನು ಒಂದೊಂದು ಮಾತು ಹೇಳ್ತೇನೆ. ಒಂದು ಅಂದ್ರೆ ಖಂಡಿತ ಇಲ್ಲ. ಎರಡು ಅಂದ್ರೆ ಸ್ವಲ್ಪ. ಮೂರು ಸುಮಾರಾಗಿ ಹೌದು. ನಾಲ್ಕು ಪೂರ್ತಿ ಹೌದು. ಗೊತ್ತಾಯ್ತಾ? ಮೊದಲ್ನೇದು, ಎಂಥ ಕಷ್ಟ ಬಂದ್ರೂ ಅದರಿಂದ ಹೊರಗೆ ಬರುವ ದಾರಿ ನನಗೆ ಸಿಗ್ತದೆ. ಹೇಳಿ."

"ನಂದೇನ್ ಐತ್ರಿ ಅಕ್ಕಾರ. ಅಲ್ಲಾ ದಾರಿ ತೋರಿಸ್ದ, ನಾ ನಡದೆ."

"ಅಂದ್ರೆ, ನಿಮಗೇ ಸಿಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ?"

"ನನಗೆಲ್ಲಿಂದ ಸಿಗಬೇಕ್ರಿ?"

ವಿನೋದಿನಿ ಒಂದರ ಸುತ್ತ ಗುಂಡಗೆ ಗೆರೆ ಎಳೆದಳು.

"ಮುಂದೆ ಬರುವುದಕ್ಕೆ ಮೊದಲೇ ನಾನು ತಯಾರಾಗಿ ಇರ್ತೇನೆ."

"ತಯಾರಿ ಏನ್ ಬಂತು. ನಂಬರ್ ಒಂದು ಬಾಯಾಗ ಇತ್ತು, ಅಷ್ಟ."

ಒಂದು.

"ಯಾರಾದ್ರೂ ಅಡ್ಡ ಬಂದ್ರೂ ನನಗೆ ಬೇಕಾದ್ದನ್ನು ನಾನು ಪಡೀತೇನೆ."

ಅಮೀರುನ್ನೀಸಾ ಯೋಚಿಸಿದಳು. ಜುಲೈಯಲ್ಲಿ ಅಂಜುಮಳ ಶಾಲೆಗೆ ಹೋದಾಗ ಜನ್ಮದಾಖಲೆ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದರು. ದಾಖಲೆ ಶರೀಫನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡದೆ ಕೂತಿದ್ದಳು. ನಾಲ್ಕನೆಯ ದಿನ ಆ ಹೆಡ್ ಬಾಯಿಯೇ ಹೊರಗೆ ಬಂದು ಮಗುವಿನ ಹೆಸರು ಕೇಳಿದರು.

"ಆ ಬಾಯಾರು ಛಲೋ ಮಂದಿ ಇದ್ರು, ಅದಕ್ಕ ಆತು" ಎಂದಳು.

"ಎರಡು ಹಾಕಲಾ, ಒಂದು ಹಾಕಲಾ?"

"ನಿಮಗ ಹ್ಯಾಂಗ ತಿಳೀತದ ಹಂಗ ಹಾಕ್ರಿ."

ವಿನೋದಿನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ವಾದಿಸಬಾರದು, ಬಿಡಿಸಿ ಹೇಳಬಾರದು, ಅಂಚಿನಲ್ಲಿ ಕತೆ ಬರೆಯಬಾರದು, ಗುಂಡು ಸುತ್ತಿದರೆ ಸಾಕು. ಒಂದು ಹಾಕಿದಳು.

ತಪ್ಪು ಅವಳೊಬ್ಬಳದೇ ಅಲ್ಲ. ಅಮೀರುನ್ನೀಸಾ ಬೆಳೆದ ಓಣಿಯಲ್ಲಿ ಹೆಣ್ಣುಮಕ್ಕಳು "ನಾನು ಮಾಡಬಲ್ಲೆ" ಎನ್ನುವ ಮಾತನ್ನು ಬಾಯಿಗೆ ತಂದವರಲ್ಲ. ಅದಕ್ಕೆ ಬಡಾ ಬೋಲ್ ಎನ್ನುತ್ತಿದ್ದರು, ದೊಡ್ಡ ಮಾತು. ದೊಡ್ಡ ಮಾತು ಆಡಿದವರ ಮನೆಯ ಹಾಲು ಒಡೆಯುತ್ತದೆ, ಮಗುವಿಗೆ ಜ್ವರ ಬರುತ್ತದೆ. ಅವಳ ತಾಯಿ ಇಡೀ ಮೊಹಲ್ಲಾಕ್ಕೆ ಮದುವೆಯ ಬಟ್ಟೆ ಹೊಲಿಯುತ್ತಿದ್ದವಳು. ಯಾರಾದರೂ ಹೊಗಳಿದರೆ "ಸೂಜಿ ಛಲೋ ಇತ್ತ್ರಿ" ಎನ್ನುತ್ತಿದ್ದಳು. ಬಿರಿಯಾನಿ ಹದವಾಗಿದ್ದರೆ ಅಕ್ಕಿಯ ಗುಣ, ಹೆರಿಗೆ ಸುಸೂತ್ರವಾದರೆ ಸೂಲಗಿತ್ತಿಯ ಗುಣ. ದುಡಿದದ್ದೆಲ್ಲ ತಾನು, ಹೆಸರು ಸೂಜಿಗೆ. ಹೀಗೆ ಹೇಳುವವಳಿಗೆ ತನ್ನ ಬೆರಳಿನ ಬಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಆಡದಿರುವುದೇ ಅಲ್ಲಿ ಮರ್ಯಾದೆ. ಇಂಗ್ಲಿಷಿನಲ್ಲಿ ಅಚ್ಚಾಗಿ, ಹಿಂದಿಗಿಳಿದು, ವಿನೋದಿನಿಯ ಬಾಯಲ್ಲಿ ಕನ್ನಡಕ್ಕೆ ಬಂದ ಆ ಹತ್ತು ಮಾತುಗಳಲ್ಲಿ ಈ ಮರ್ಯಾದೆಗೆ ಒಂದು ಅಂಕೆಯೂ ಇರಲಿಲ್ಲ.

ಕೂಡಿಸಿದಾಗ ಹದಿನಾಲ್ಕು ಬಂತು. ಬೇರೇನೂ ಹೇಳದೆ ಎಲ್ಲದಕ್ಕೂ ಇಲ್ಲ ಎಂದಿದ್ದರೂ ಹತ್ತು ಬರುತ್ತಿತ್ತು.

ವಿನೋದಿನಿ ಎದ್ದಾಗ ಅಮೀರುನ್ನೀಸಾ ಅವಳ ಕೈ ಹಿಡಿದಳು. "ಮತ್ತ ಯಾವಾಗ ಬರ್ತೀರಿ ಅಕ್ಕಾರ?" ಪರೀಕ್ಷೆ ಹೇಗಾಯಿತು ಎಂದಲ್ಲ, ಮತ್ತೆ ಯಾವಾಗ ಬರುತ್ತೀರಿ ಎಂದು. ಆ ದಿನವಿಡೀ ಅವಳಿಗೆ ಹಬ್ಬವಾದಂತಿತ್ತು.

ಶನಿವಾರ ಪಕ್ಕದ ಮಂಚದ ಕೌಸರ, ಅಕ್ಕಲಕೋಟೆಯವಳು, ತನ್ನ ಗಂಟು ಕಟ್ಟತೊಡಗಿದಳು. ಇಡೀ ಹಾಲಿನಲ್ಲಿ ಅಮೀರುನ್ನೀಸಾಳ ಮಾತು ಪೂರ್ತಿ ತಿಳಿಯುತ್ತಿದ್ದವಳು ಅವಳೊಬ್ಬಳೇ. ಆದರೆ ಕಾರ್ಖಾನೆಯೊಂದರಲ್ಲಿ ಕಸಗುಡಿಸಲು ಹೋಗಿ ಸಂಜೆ ದಣಿದು ಬರುತ್ತಿದ್ದಳು. ಬಂದವಳೇ ಮಗಳನ್ನು ಅವುಚಿಕೊಂಡು ಮಲಗಿಬಿಡುತ್ತಿದ್ದಳು.

"ಎಲ್ಲಿಗಿ ನಡದೀ?"

"ಮ್ಯಾಲ! ಅರಮನಿಗಿ!" ಕೌಸರ ತಟ್ಟೆ ಬಡಿದು ನಕ್ಕಳು. "ಮೂವತ್ತಾರ ಬಿದ್ದಾವ ನನಗ. ನಿನಗೆಷ್ಟು?"

"ಏನ್ ಎಷ್ಟು?"

ಆಗ ಕೌಸರ ಎಲ್ಲ ಬಿಡಿಸಿ ಹೇಳಿದಳು. ಕೋಣೆ, ಕೆಲಸ, ಇಪ್ಪತ್ತೈದರ ಗೆರೆ, ವಸಯಿಯ ಹಾಸ್ಟೆಲು. ಅಮೀರುನ್ನೀಸಾಳ ಮುಖ ನೋಡಿ ಅವಳ ನಗು ಇಳಿಯಿತು.

"ಏನ್ ಹೇಳಿದಿ ನೀ ಆಕೀಗಿ?"

"ಖರೇ ಹೇಳ್ದೆ. ಎಲ್ಲಾ ಅಲ್ಲಾನ ಮರ್ಜಿ ಅಂದೆ."

"ಅಯ್ಯ ದಿವಾನೀ! ಅಲ್ಲಾನ ಮರ್ಜಿ ಅಲ್ಲಾಗ ಗೊತ್ತೈತಿ, ಆಫೀಸಿಗ್ಯಾಕ ಹೇಳ್ಲಿಕ್ಕ ಹೋದಿ? ಅದು ಪರೀಕ್ಷಾ. ಹೌದು ಹೌದು ಅಂದು ಬಿಡಬೇಕು. ನನಗೇನ್ ಗೊತ್ತಿತ್ತು? ಆಕೀ ಕೇಳ್ಯಾಳ, ನಾ ತಲಿ ಆಡಿಸೀನಿ." ಆಮೇಲೆ ದನಿ ತಗ್ಗಿಸಿ, "ಈ ಫಾರ್ಮ್ ನನ್ನ ಗಂಡಗ ಕೊಡಬೇಕಿತ್ತು ನೋಡು. ನಲವತ್ತಕ್ಕ ನಲವತ್ತು ತಗೋತಿದ್ದ ಹಲ್ಕಟ್. ನಾ ಮಾಡ್ತೀನಿ, ನಾ ನೋಡ್ಕೋತೀನಿ, ನಾ ಇದ್ದೀನಿ! ಹತ್ತೂ ಮಾತು ಅವನವೇ."

ಅಮೀರುನ್ನೀಸಾಳಿಗೆ ನಗು ಬಂತು, ನಡುವೆಯೇ ನಿಂತಿತು. ಶರೀಫನ ಬಾಯಲ್ಲೂ ಅವೇ ಮಾತಿದ್ದವು. ಅವನನ್ನು ಯಾರೂ ಸ್ಟೂಲ್ ಎಳೆದುಕೊಂಡು ಕೂತು ಅಳೆದಿರಲಿಲ್ಲ. ಹೊಡೆದವರು ಅಳತೆಯ ಹೊರಗೆ. ಹೊಡೆಸಿಕೊಂಡವರು ಬೆನ್ನು ಗೋಡೆಗೆ ಹಚ್ಚಿ ನಿಂತು ತಾವೆಷ್ಟು ಎತ್ತರ ಎಂದು ತೋರಿಸಬೇಕು.

ಸಂಜೆ ಕೌಸರ ಗಂಟು ಹೊತ್ತು ಮೆಟ್ಟಿಲು ಹತ್ತಿದಳು. ಪಕ್ಕದ ಮಂಚದ ಹಾಸಿಗೆ ಸುತ್ತಿಟ್ಟರು. ಎರಡು ಮಂಚದಾಚೆ ಯಾರೋ ಮರಾಠಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಅಮೀರುನ್ನೀಸಾ ಬರಿಯ ಮಂಚದ ಪಟ್ಟಿಗಳನ್ನು ನೋಡುತ್ತ ಕೂತಳು. ಮೇಲಿನಿಂದ ಕೌಸರಳ ಮಗಳು ಓಡಾಡುವ ಸದ್ದು ಕೇಳಿಸುತ್ತಿತ್ತು.

ಹಾಸ್ಟೆಲಿನ ಕಾಗದ ಮುಂದಿನ ಗುರುವಾರ ಬಂತು. ತಂದವಳು ವಿನೋದಿನಿಯೇ. ಈ ಸಲ ಸ್ಟೂಲ್ ಎಳೆದುಕೊಳ್ಳದೆ ನಿಂತೇ ಇದ್ದಳು.

"ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ವ್ಯಾನ್ ಬರ್ತದೆ. ಆರೇ ತಿಂಗಳು ಅಮೀರಕ್ಕ. ಮತ್ತೆ ಪುನಃ ಅಳೀತೇವೆ. ಒಳ್ಳೆ ಜಾಗ ಅದು, ನಾನು ನೋಡಿದ್ದೇನೆ. ಅಂಗಳ ಎಲ್ಲ ಉಂಟು."

ಅಂಜುಮ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಅವಳಿಗೆ ಈ ಸುದ್ದಿ ಯಾರು ಮುಟ್ಟಿಸಿದ್ದರೋ, "ಅಮ್ಮೀ, ವಹಾಂ ಝೂಲಾ ಹೈ ಕ್ಯಾ?" ಎಂದು ಕೇಳಿದಳು, ಅಲ್ಲಿ ಜೋಕಾಲಿ ಇದೆಯಾ ಎಂದು. ಆಮೇಲೆ ಚೀಲ ಕೆಳಗಿಟ್ಟು, ಅಪರೂಪಕ್ಕೆ ಕನ್ನಡದಲ್ಲಿ, "ನೀನೂ ಬರ್ತೀ ಅಲ್ಲಾ?" ಎಂದಳು.

ಅಮೀರುನ್ನೀಸಾ ವಿನೋದಿನಿಯ ಕಡೆ ತಿರುಗಿದಳು. ದನಿ ಎತ್ತಲಿಲ್ಲ. ನಂಬರನ್ನು ಬಾಯಲ್ಲಿಟ್ಟುಕೊಂಡದ್ದು, ಹೂವಿನವಳ ಫೋನು, ವಡಾಲಾದಲ್ಲಿ ಗಾಡಿ ಬದಲಿಸಿದ್ದು, ಶಾಲೆಯ ಬೆಂಚಿನ ಮೂರು ದಿನ, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದಳು. ಅದು ಅವಳಿಗೆ ಸುಲಭವಾಗಿರಲಿಲ್ಲ. ಪ್ರತಿ ಮಾತಿನ ಕೊನೆಗೆ ಯಾರಿಗಾದರೂ ಹೆಸರು ಕೊಡಲು ನಾಲಿಗೆ ಹೊರಳುತ್ತಿತ್ತು, ಹಿಡಿದು ನಿಲ್ಲಿಸಿದಳು.

ವಿನೋದಿನಿ ಮಂಚದ ತುದಿಗೆ ಕುಸಿದು ಕೂತಳು. "ಇದೆಲ್ಲ ಆ ದಿನ ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

"ನೀವು ಕೇಳ್ಲಿಲ್ರಿ. ನೀವು ಎಷ್ಟಂತ ಕೇಳಿದ್ರಿ. ಏನಂತ ಕೇಳ್ಲಿಲ್ಲ."

ಹುಡುಗಿ ಕೆಟ್ಟವಳಲ್ಲ. ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದಳು. ಬಂದು ಹೇಳಿದಳು: "ನಾಳೆ ಬಾಂದ್ರಾಕ್ಕೆ ಬನ್ನಿ. ಹಿತೇಶ್ ಸರ್ ಇನ್ನೊಂದು ಸಲ ಕೇಳ್ತಾರಂತೆ. ನಾನು ಜೊತೆಗಿರ್ತೇನೆ. ಹೌದು ಅಂತ ಹೇಳಿ ಸಾಕು. ಬೇರೆ ಎಂತದೂ ಬೇಡ. ದೇವರು, ಶಾಲೆಯ ಬಾಯಿ, ಹೂವಿನವಳು, ಯಾರೂ ಬೇಡ."

ಮರುದಿನ ಅಮೀರುನ್ನೀಸಾ ಮಗಳನ್ನು ಶಾಲೆಗೆ ಬಿಟ್ಟು ಬಾಂದ್ರಾ ಗಾಡಿ ಹತ್ತಿದಳು. ಡಬ್ಬಿ ತುಂಬ ಹೆಂಗಸರು. ಬಟಾಣಿ ಸುಲಿಯುವವರು, ಜಡೆ ಹಾಕಿಕೊಳ್ಳುವವರು, ಗುಂಪಾಗಿ ಭಜನೆ ಹೇಳುವವರು. ಒಬ್ಬರ ಮೈ ಒಬ್ಬರಿಗೆ ಹತ್ತಿತ್ತು, ಯಾರ ಕಣ್ಣೂ ಅವಳ ಮೇಲಿರಲಿಲ್ಲ. ಅವಳು ಬಾಗಿಲ ಕಂಬ ಹಿಡಿದು ತುಟಿಯಲ್ಲೇ ಅಭ್ಯಾಸ ಮಾಡಿದಳು. ಹೌದು. ಹೌದು. ಹೌದು.

ಹಿತೇಶ್ ಸಂಸ್ಥೆಯ ಮುಖ್ಯಸ್ಥ. ನಲವತ್ತರ ಆಸುಪಾಸು, ಮೃದು ಮಾತು, ಖಾದಿಯ ಕುರ್ತಾ. "ಬೈಠಿಯೆ, ಬೈಠಿಯೆ" ಎಂದು ತಾನೇ ಕುರ್ಚಿ ಎಳೆದುಕೊಟ್ಟ, ನೀರು ತರಿಸಿದ. ಅಳತೆಯ ನಿಯಮದ ಪ್ರಕಾರ ಆರು ತಿಂಗಳ ಒಳಗೆ ಮತ್ತೆ ಕೇಳುವಂತಿಲ್ಲ, ನಿಮಗೋಸ್ಕರ ಕೇಳುತ್ತಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದ. ಕೇಳುತ್ತಿರುವವನು ತಾನೇ ಆದ್ದರಿಂದ ಉತ್ತರ ಹಿಂದಿಯಲ್ಲಿರಲಿ ಎಂದ. ಹಾಳೆ ಮುಂದಿಟ್ಟುಕೊಂಡು ಮೊದಲನೆಯ ಮಾತು ಓದಿದ.

"ಹೌ" ಎಂದಳು ಅಮೀರುನ್ನೀಸಾ, ತನ್ನ ದಖ್ನಿಯಲ್ಲಿ. "ಪೂರಾ ಹೌ."

ಎರಡನೆಯದಕ್ಕೆ ಮೈ ಬೆವೆತಿತು. ಎಲ್ಲೋ ಹಾಲು ಒಡೆಯುತ್ತಿದೆ, ಶಾಲೆಯ ಬೆಂಚಿನ ಮೇಲೆ ಕೂತ ಅಂಜುಮಳ ಹಣೆ ಬಿಸಿಯಾಗುತ್ತಿದೆ ಎನ್ನಿಸಿತು. ಐದನೆಯದಕ್ಕೆ ತಾಯಿ ನೆನಪಾದಳು. ಹೊಲಿಗೆಯ ಮಿಷನ್ನಿನ ಮೇಲೆ ಬಗ್ಗಿದ ತಾಯಿ ತಲೆ ಎತ್ತಿ, ಇದು ಯಾರ ಮಗಳು ಎಂಬಂತೆ ನೋಡಿದಳು. ಹನ್ನೊಂದು ವರ್ಷ ಗಂಡನ ಮನೆಯಲ್ಲಿ, ಎರಡು ತಿಂಗಳು ಆ ಹಾಲಿನಲ್ಲಿ ತನಗೆ ಯಾರೂ ಇಲ್ಲವೆನಿಸಿದ್ದುಂಟು. ಆದರೆ ತಾನು ಹುಟ್ಟಿದ ಓಣಿಯಿಂದಲೇ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದೇನೆಂದು ಅನಿಸಿದ್ದು ಅದೇ ಮೊದಲು. ಆರು. ಏಳು. ಕಣ್ಣು ಮುಚ್ಚಿ ಹೌ ಎಂದಳು. ಹತ್ತನೆಯದು ಮುಗಿದಾಗ ನೀರಿನ ಲೋಟ ಖಾಲಿಯಾಗಿತ್ತು, ಕುಡಿದ ನೆನಪೇ ಇರಲಿಲ್ಲ.

ಹಿತೇಶ್ ಕೂಡಿಸಿದ. ಪೆನ್ನು ಕೆಳಗಿಟ್ಟ. ವಿನೋದಿನಿಯನ್ನು ನೋಡಿ ನಿಧಾನವಾಗಿ ನಕ್ಕ.

"ಚಾಲೀಸ್."

ನಲವತ್ತಕ್ಕೆ ನಲವತ್ತು. ವಿನೋದಿನಿ ಉಸಿರು ಬಿಟ್ಟಳು. ಆದರೆ ಅವನ ನಗು ಬೇರೆಯೇ ಇತ್ತು. ಇಷ್ಟು ವರ್ಷಗಳಲ್ಲಿ ನಲವತ್ತು ತೆಗೆದವರನ್ನು ತಾನು ಕಂಡಿಲ್ಲ ಎಂದ. ಒಂಬತ್ತು ದಿನದಲ್ಲಿ ಹದಿನಾಲ್ಕರಿಂದ ನಲವತ್ತಕ್ಕೆ ಯಾವ ಹೆಂಗಸೂ ಬೆಳೆಯುವುದಿಲ್ಲ. ಇದು ಹೇಳಿಕೊಟ್ಟ ಉತ್ತರ. "ಯೆ ಆಪ್ ಕೀ ಆವಾಜ್ ನಹೀಂ ಹೈ" ಎಂದು ಬಹಳ ಅಕ್ಕರೆಯಿಂದ ಹೇಳಿದ, ಇದು ನಿಮ್ಮ ದನಿಯಲ್ಲ. ದುಡ್ಡು ಕೊಡುವ ಡೋನರ್‌ಗೆ ತಾನು ಸತ್ಯವಾದ ಅಂಕೆ ಕಳಿಸಬೇಕು. ಮೊದಲಿನದೇ ಸತ್ಯವಾದದ್ದು, ಯಾಕೆಂದರೆ ಆಗ ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ಹದಿನಾಲ್ಕೇ ನಿಲ್ಲುತ್ತದೆ.

"ಸರ್, ಪ್ಲೀಸ್" ಎಂದಳು ವಿನೋದಿನಿ. "ಇವರು ಆ ನಂಬರನ್ನು ಒಂದೂವರೆ ವರ್ಷ..." ಹಿಂದಿಯಲ್ಲಿ ಶುರು ಮಾಡಿದವಳು, ಹಿತೇಶ್ ಕೈ ಎತ್ತಿದ್ದು ನೋಡಿ ನಿಲ್ಲಿಸಿದಳು.

ಕತೆ ಎಲ್ಲರ ಹತ್ತಿರವೂ ಇರುತ್ತದೆ, ನಾವು ಅಳತೆಯಿಂದ ನಡೆಯಬೇಕು ಎಂದ. ಡ್ರಾಯರಿನಿಂದ ಹಾಸ್ಟೆಲಿನ ಕಾಗದ ತೆಗೆದು ಅವಳ ಎದುರಿಗೆ ಸರಿಸಿದ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿತ್ತು. ತನ್ನ ಪೆನ್ನನ್ನೇ ಮುಚ್ಚಳ ತೆಗೆದು ಕೊಟ್ಟ.

"ಸೈನ್ ಕೀಜಿಯೆ."

ಅಮೀರುನ್ನೀಸಾ ಆ ಗುರುತನ್ನು ನೋಡಿದಳು. ಇಲ್ಲ ಎಂದದ್ದು ಅವರಿಗೆ ಸತ್ಯ. ಹೌದು ಎಂದದ್ದು ಸುಳ್ಳು. ಇನ್ನು ಯಾವ ಮಾತು ಉಳಿದಿತ್ತು? ಮೈಯಲ್ಲಿ ಬೆವರು ಆರಿತು. ಅಂಜಿಕೆ ಇತ್ತು, ಇಲ್ಲವೆಂದಲ್ಲ.

"ನೈ" ಎಂದಳು.

ಹಿತೇಶ್‌ಗೆ ಅರ್ಥವಾಗಲಿಲ್ಲವೋ, ಅಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲವೋ. ಮತ್ತೆ ಮೃದುವಾಗಿ ವಿವರಿಸಿದ. ಇದು ಮಗುವಿನ ಒಳ್ಳೆಯದಕ್ಕೆ. ಸಹಿ ಮಾಡದಿದ್ದರೆ ನಿಯಮ ಮುರಿದಂತಾಗುತ್ತದೆ. ಸೋಮವಾರದೊಳಗೆ ಮಂಚ ಖಾಲಿ ಮಾಡಬೇಕಾಗುತ್ತದೆ. ಎಲ್ಲಿಗೆ ಹೋಗುತ್ತೀರಿ? ಮತ್ತೆ ಆಂಟಾಪ್ ಹಿಲ್‌ಗೆ? ಆ ಕೊನೆಯ ಮಾತನ್ನು ಹೇಳುವಾಗ ಅವನ ದನಿಯಲ್ಲಿ ನಿಜವಾದ ಕಾಳಜಿಯೇ ಇತ್ತು, ಅದೇ ಹೆಚ್ಚು ಚುಚ್ಚಿತು.

ವಿನೋದಿನಿ ಅವಳ ಹೆಗಲಿಗೆ ಬಾಗಿ ಪಿಸುಗುಟ್ಟಿದಳು: "ಈಗ ಮಾಡಿಬಿಡಿ ಅಮೀರಕ್ಕ. ಆಮೇಲೆ ನೋಡುವ. ನಾನು ಉಂಟಲ್ಲ. ಈಗ ಹಟ ಮಾಡಿದ್ರೆ ಇರುವ ಜಾಗವೂ ಹೋಗ್ತದೆ. ನನ್ನ ಮಾತು ಕೇಳಿ, ಒಂದು ಸಹಿ."

"ಇಲ್ರಿ ಅಕ್ಕಾರ."

"ಅಯ್ಯೋ, ಹೀಗೆ ಹೇಳ್ಲಿಕ್ಕೆ ಆಗುದಿಲ್ಲ..."

"ಸಹಿ ಮಾಡಂಗಿಲ್ಲ. ಮಗಳನ್ನ ಕಳಸಂಗಿಲ್ಲ." ಅವಳು ಪೆನ್ನಿನ ಮುಚ್ಚಳ ಹುಡುಕಿ, ಹಾಕಿ, ಕಾಗದದ ಮೇಲಿಟ್ಟು ಎರಡನ್ನೂ ಅವನ ಕಡೆಗೆ ಸರಿಸಿದಳು. "ಮಂಚಾನೂ ಬಿಡಂಗಿಲ್ಲ ಅಂತ ಹೇಳ್ರಿ ಅವರಿಗೆ. ಶನಿವಾರ ವ್ಯಾನ್ ಬರ್ಲಿ, ಸೋಮವಾರ ಯಾರು ಬರ್ತಾರ ಬರ್ಲಿ. ನಾ ಅಲ್ಲೇ ಕುಂತಿರ್ತೀನಿ, ನನ್ನ ಮಗಳು ನನ್ನ ಬಾಜೂಕ ಕುಂತಿರ್ತಾಳ."

"ಕ್ಯಾ ಬೋಲ್ ರಹೀ ಹೈ?" ಏನು ಹೇಳುತ್ತಿದ್ದಾಳೆಂದು ಹಿತೇಶ್ ವಿನೋದಿನಿಯನ್ನು ಕೇಳಿದ.

ವಿನೋದಿನಿ ಮೇಜಿನ ಮೇಲಿನ ಅಳತೆಯ ಹಾಳೆಯನ್ನು ನೋಡಿದಳು. ಹೊರಗೆ ರಿಕ್ಷಾಗಳ ಹಾರ್ನು. ಹಿತೇಶ್ ಕಾಗದವನ್ನು ಮತ್ತೆ ಮುಂದಕ್ಕೆ ಸರಿಸಿ, ಗುರುತಿನ ಮೇಲೆ ಬೆರಳಿಟ್ಟ.

"ನೈ ಕರ್ತಿ" ಎಂದಳು ಅಮೀರುನ್ನೀಸಾ. ಕಾಗದವನ್ನು ನೋಡಲೂ ಇಲ್ಲ.